ಪುಟ್ಟ ಗಿಟಾರಿನ ಬೆನ್ನು ನುಡಿಸುವ ಯಂತ್ರ

ಯಮಾಹಾ ಕಂಪನಿಯ ಸಿಎಸ್‌ಎಫ್-ಟಿಎ ಎಂಬ ಪುಟ್ಟ ಗಿಟಾರನ್ನು ಮೊದಲ ಸಲ ಕೈಗೆತ್ತಿಕೊಂಡವರು ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಸ್ಪೀಕರ್ ಎಲ್ಲಿದೆ ಎಂದು ಹುಡುಕತೊಡಗುತ್ತಾರೆ. ಕುರ್ಚಿಯ ಕೆಳಗೆ ಬಗ್ಗಿ ನೋಡುತ್ತಾರೆ, ಪಕ್ಕದ ಮೇಜಿನ ಮೇಲೆ ಕಣ್ಣಾಡಿಸುತ್ತಾರೆ, ಗಿಟಾರಿನ ಬುಡದಲ್ಲಿ ವೈರು ಸಿಕ್ಕಿಸಿದೆಯೇ ಎಂದು ತಡವುತ್ತಾರೆ. ವೈರು ಇರುವುದಿಲ್ಲ, ಸ್ಪೀಕರೂ ಇರುವುದಿಲ್ಲ. ಆದರೂ ಮೀಟಿದ ಸ್ವರ ದೊಡ್ಡ ಸಭಾಂಗಣದಲ್ಲಿ ನುಡಿಸಿದಂತೆ ಹರಡಿಕೊಂಡು, ಸ್ವಲ್ಪ ಹೊತ್ತು ನಿಂತು, ನಿಧಾನವಾಗಿ ಕರಗುತ್ತದೆ. ಆ ನಾದ ಬರುವುದು ಗಿಟಾರಿನ ಮರದಿಂದಲೇ. ತಂತಿಗಳು ಮುಂದಿನ ಹಲಗೆಯನ್ನು ನಡುಗಿಸಿದರೆ, ಹಿಂದಿನ ಹಲಗೆಯನ್ನು ಒಳಗಡೆಯಿಂದ ಒಂದು ಸಣ್ಣ ಯಂತ್ರ ನಡುಗಿಸುತ್ತಿರುತ್ತದೆ.

ನಾನು ಧಾರವಾಡದಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಬಿಡುವಾದ ಸಂಜೆಗಳಲ್ಲಿ ಭಾವಗೀತೆ ಹಾಡುವ ಗೆಳತಿಯರಿಗೆ ಗಿಟಾರಿನಲ್ಲಿ ಸಾಥ್ ಕೊಡುತ್ತೇನೆ. ಗಿಟಾರಿನೊಳಗೆ ವಿದ್ಯುನ್ಮಾನ ಸಾಮಗ್ರಿ ತುಂಬುವುದು ಹೊಸ ಸಂಗತಿಯಲ್ಲ, ಬಹಳ ಸಲ ಅದು ಸಂತೋಷದ ಸಂಗತಿಯೂ ಅಲ್ಲ. ಈ ಒಂದು ವಾದ್ಯದಲ್ಲಿ ಮಾತ್ರ ಎಂಜಿನಿಯರುಗಳು ಮರದ ಮಾತು ಕೇಳಿದ್ದಾರೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಏಕೆ ಎಂದು ಬಿಡಿಸಿ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಾದ್ಯದ ಮೈಕಟ್ಟು. ಪಾರ್ಲರ್ ಎಂದು ಕರೆಯುವ ಸಣ್ಣ ಅಳತೆ. ಮುಂದಿನ ಹಲಗೆ ಇಡಿಯಾದ ಸಿಟ್ಕಾ ಸ್ಪ್ರೂಸ್ ಮರದ್ದು. ಹಿಂಭಾಗ ಮತ್ತು ಪಕ್ಕಗಳು ಮಹೋಗನಿಯ ಪದರಗಳನ್ನು ಅಂಟಿಸಿ ಮಾಡಿದವು. ತಂತಿ ಕಂಪಿಸುವ ಉದ್ದ 600 ಮಿಲಿಮೀಟರ್. ದೊಡ್ಡ ಕ್ಲಾಸಿಕಲ್ ಗಿಟಾರಿನಲ್ಲಿ ಇದು 650 ಇರುತ್ತದೆ. ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ಕಟ್ಟಿದರೆ ಎಳೆತವು ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಎಂದರೆ 650ಕ್ಕೆ ಹೋಲಿಸಿದರೆ 600ರಲ್ಲಿ ಎಳೆತ ಸುಮಾರು ಶೇ 15ರಷ್ಟು ಕಡಿಮೆ. ಬೆರಳಿಗೆ ಇದು ದೊಡ್ಡ ಉಪಕಾರ. ಆದರೆ ಎಳೆತ ಕಡಿಮೆಯಾದರೆ ಹಲಗೆಯನ್ನು ತಳ್ಳುವ ಬಲವೂ ಕಡಿಮೆ. ಪೆಟ್ಟಿಗೆ ಚಿಕ್ಕದಾದ್ದರಿಂದ ಮಂದ್ರದ ತುಂಬುತನವೂ ಕಡಿಮೆ. ಸಣ್ಣ ಗಿಟಾರು ಮಧ್ಯಸ್ಥಾಯಿಯಲ್ಲಿ ಸ್ಪಷ್ಟವಾಗಿ ನುಡಿದು ಬೇಗ ಮುಗಿಸಿಬಿಡುತ್ತದೆ. ಹಾಡಿನ ಎರಡು ಸಾಲುಗಳ ನಡುವಿನ ಜಾಗ ಬರಿದಾಗಿ ಉಳಿಯುತ್ತದೆ. ಆ ಬರಿದು ಜಾಗವನ್ನೇ ಈ ಯಂತ್ರ ತುಂಬುವುದು.

ಒಳಗೇನಿದೆ ಎಂದು ನೋಡಲು ಬಿಚ್ಚಬೇಕಾಗಿಲ್ಲ. ತಂತಿಗಳನ್ನು ಸಡಿಲಿಸಿ, ದಂತವೈದ್ಯರು ಬಳಸುವಂಥ ಹಿಡಿಕೆಯ ಕನ್ನಡಿಯನ್ನೂ ಒಂದು ಸಣ್ಣ ಟಾರ್ಚನ್ನೂ ನಾದರಂಧ್ರದೊಳಗೆ ಇಳಿಸಿದರೆ ಸಾಕು. ಹಿಂದಿನ ಹಲಗೆಯ ಒಳಮೈಗೆ ಕೂತಿರುವ ದುಂಡನೆಯ ಭಾಗ ಕಾಣಿಸುತ್ತದೆ. ಅದಕ್ಕೆ ಆ್ಯಕ್ಚುಯೇಟರ್ ಎನ್ನುತ್ತಾರೆ. ಅಲ್ಲಿಂದ ಹೊರಟ ವೈರುಗಳು ಮರಕ್ಕೆ ಬಡಿದು ಸದ್ದು ಮಾಡದಂತೆ ಹಿಡಿಸಿಟ್ಟಿವೆ. ಈ ಎಚ್ಚರ ನನಗೆ ಬಹಳ ಇಷ್ಟವಾಯಿತು. ನಡುಗುವ ಪೆಟ್ಟಿಗೆಯೊಳಗೆ ಸಡಿಲವಾಗಿ ತೂಗುವ ಒಂದು ವೈರು ಸಾಕು, ಯಾವುದೋ ಒಂದು ಸ್ವರಕ್ಕೆ ಮಾತ್ರ ಕಟಕಟ ಎಂದು ತಲೆ ಕೆಡಿಸುತ್ತದೆ. ಹೊರಗಡೆ, ನುಡಿಸುವವರ ಗದ್ದದ ಕಡೆಗಿರುವ ಪಕ್ಕದಲ್ಲಿ, ಮೂರು ಸಣ್ಣ ಗುಂಡಿಗಳಿವೆ. ಒಂದು ಅನುರಣನಕ್ಕೆ, ಎಂದರೆ ಸ್ವರ ಮುಗಿದ ಮೇಲೂ ಉಳಿದು ಕರಗುವ ನಾದಕ್ಕೆ, ಒಂದು ಸ್ವರದ ಪ್ರತಿಯನ್ನು ತುಸು ತೂಗಿಸಿ ಬೆರೆಸುವ ಕೋರಸ್‌ಗೆ, ಇನ್ನೊಂದು ಹೊರಗಿನ ಆಂಪ್ಲಿಫೈಯರಿಗೆ ಹೋಗುವ ಸದ್ದಿನ ಮಟ್ಟಕ್ಕೆ. ಒತ್ತಿ ಹಿಡಿದರೆ ಯಂತ್ರ ಎಚ್ಚರಗೊಳ್ಳುತ್ತದೆ. ಪರದೆ ಇಲ್ಲ, ಮಿನುಗುವ ಅಂಕಿಗಳಿಲ್ಲ.

ಸ್ವರದ ದಾರಿ ಹೀಗೆ. ತಂತಿ ಕೂರುವ ಸ್ಯಾಡಲ್‌ನ ಕೆಳಗೆ ಪೀಜೊ ಪಿಕಪ್ ಇದೆ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೇಲೆ ವಿದ್ಯುದಾವೇಶ ಕಾಣಿಸಿಕೊಳ್ಳುತ್ತದೆ ಎಂದು ಫ್ರಾನ್ಸಿನಲ್ಲಿ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ 1880ರಲ್ಲಿ ತೋರಿಸಿಕೊಟ್ಟಿದ್ದರು. ಇಂದಿನ ಬಹುಪಾಲು ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರುಗಳು ಆ ಗುಣವನ್ನೇ ನಂಬಿಕೊಂಡಿವೆ. ತಂತಿ ಸ್ಯಾಡಲನ್ನು ಒತ್ತುತ್ತದೆ, ಸ್ಯಾಡಲ್ ಪೀಜೊವನ್ನು ಒತ್ತುತ್ತದೆ, ಪೀಜೊ ಆ ಒತ್ತಡದ ಏರಿಳಿತವನ್ನು ವೋಲ್ಟೇಜಿನ ಏರಿಳಿತವಾಗಿ ಕೊಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ತರಗತಿಯಲ್ಲಿ ಇದನ್ನು ಹೇಳುವಾಗ ನಾನು ಸ್ವಲ್ಪ ನಿಧಾನ ಮಾಡುತ್ತೇನೆ. ಪೀಜೊ ಎಂಬುದು ವಿದ್ಯುತ್ತಿನ ಕಣ್ಣಿನಲ್ಲಿ ಒಂದು ಪುಟ್ಟ ಕೆಪಾಸಿಟರ್. ಅದರ ಧಾರಕತೆ ಒಂದು ನ್ಯಾನೊಫ್ಯಾರಡ್ ಎಂದಿಟ್ಟುಕೊಳ್ಳಿ. ಅದನ್ನು ಒಂದು ಮೆಗಾಓಮ್ ರೋಧವಿರುವ ಆಂಪ್ಲಿಫೈಯರಿಗೆ ನೇರವಾಗಿ ಸಿಕ್ಕಿಸಿದರೆ ಸುಮಾರು 159 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳೆಲ್ಲ ಸೊರಗುತ್ತವೆ. ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಸುಮಾರು 82 ಹರ್ಟ್ಸ್. ಎಂದರೆ ಮಂದ್ರದ ತಂತಿಗಳ ಜೀವಾಳವೇ ಸೋರಿಹೋಯಿತು! ರೋಧವನ್ನು ಹತ್ತು ಮೆಗಾಓಮ್‌ಗೆ ಏರಿಸಿದರೆ ಆ ಗಡಿ 16 ಹರ್ಟ್ಸ್‌ಗೆ ಇಳಿದು ಎಲ್ಲ ಸ್ವರಗಳೂ ಉಳಿದುಕೊಳ್ಳುತ್ತವೆ. ಪೀಜೊದ ಪಕ್ಕದಲ್ಲೇ, ಗಿಟಾರಿನ ಹೊಟ್ಟೆಯೊಳಗೇ ಒಂದು ಪ್ರಿಆಂಪ್, ಎಂದರೆ ಸಂಕೇತವನ್ನು ಮೊದಲು ಎತ್ತಿಕೊಳ್ಳುವ ಪುಟ್ಟ ಆಂಪ್ಲಿಫೈಯರ್, ಇರಬೇಕಾದ ಕಾರಣ ಇದು. ‘ಪಿಕಪ್ ಇರುವ ಗಿಟಾರಿನ ಸದ್ದು ಪ್ಲಾಸ್ಟಿಕ್ಕಿನಂತೆ’ ಎಂದು ಬೇಸರಿಸುವವರನ್ನು ನಾನು ಬಹಳ ಕಂಡಿದ್ದೇನೆ. ಅವರ ದೂರಿಗೆ ಅರ್ಧ ಕಾರಣ ಈ ರೋಧದ ಹೊಂದಾಣಿಕೆ. ಇನ್ನರ್ಧ ಕಾರಣ, ಪೀಜೊ ತಂತಿಯ ಒತ್ತಡವನ್ನು ಕೇಳುತ್ತದೆಯೇ ಹೊರತು ಪೆಟ್ಟಿಗೆ ಗಾಳಿಗೆ ಕೊಡುವ ನಾದವನ್ನು ಕೇಳುವುದೇ ಇಲ್ಲ.

ಸಾಮಾನ್ಯ ಗಿಟಾರಿನಲ್ಲಿ ಪ್ರಿಆಂಪಿನಿಂದ ಸಂಕೇತ ವೈರು ಹಿಡಿದು ಹೊರಗೆ ಹೋಗುತ್ತದೆ. ಇಲ್ಲಿ ಅದು ಹೊರಗೂ ಹೋಗಬಹುದು, ಒಳಗೂ ಉಳಿಯಬಹುದು. ಒಳಗೆ ಉಳಿದದ್ದನ್ನು ಒಂದು ಸಣ್ಣ ಸಂಸ್ಕಾರಕ (ಪ್ರೊಸೆಸರ್) ಎತ್ತಿಕೊಂಡು ಅನುರಣನವನ್ನೋ ಕೋರಸನ್ನೋ ಲೆಕ್ಕ ಹಾಕಿ ಆ್ಯಕ್ಚುಯೇಟರಿಗೆ ಕೊಡುತ್ತದೆ. ಆ್ಯಕ್ಚುಯೇಟರ್ ಹಲಗೆಯನ್ನು ಅಲುಗಿಸುತ್ತದೆ. ಹಲಗೆ ಪೆಟ್ಟಿಗೆಯೊಳಗಿನ ಗಾಳಿಯನ್ನು ಅಲುಗಿಸುತ್ತದೆ. ತಂತಿಯಿಂದ ಹುಟ್ಟಿದ ನಾದವೂ ಯಂತ್ರದಿಂದ ಹುಟ್ಟಿದ ನಾದವೂ ಒಂದೇ ರಂಧ್ರದಿಂದ, ಒಂದೇ ಮರದ ಮೈಯಿಂದ ಹೊರಬೀಳುತ್ತವೆ. ಕಿವಿ ಎರಡನ್ನೂ ಬೇರೆ ಮಾಡಲಾರದು. ಯಮಾಹಾ ಇದಕ್ಕೆ ಟ್ರಾನ್ಸ್‌ಅಕೌಸ್ಟಿಕ್ ಎಂದು ಹೆಸರಿಟ್ಟಿದೆ. ಮೊದಲು ಪಿಯಾನೊದ ನಾದಫಲಕವನ್ನು ಇದೇ ರೀತಿ ನಡುಗಿಸಿ ನೋಡಿದ ಕಂಪನಿ, 2016ರಲ್ಲಿ ತನ್ನ ದೊಡ್ಡ ಗಿಟಾರುಗಳಿಗೆ ಇದನ್ನು ತಂದಿತು. ಪಾರ್ಲರ್ ಅಳತೆಗೆ ಬಂದದ್ದು ಆಮೇಲೆ.

ಮರವನ್ನೋ ಲೋಹವನ್ನೋ ಸ್ಪೀಕರಿನಂತೆ ದುಡಿಸುವ ಯೋಚನೆಯ ಬೇರು ಇನ್ನೂ ಹಳೆಯದು. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ‘140’ ಎಂಬ ಯಂತ್ರವನ್ನು ಧ್ವನಿಮುದ್ರಣ ಕೇಂದ್ರಗಳಿಗೆ ಕೊಟ್ಟಿತು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಯನ್ನು ಚೌಕಟ್ಟಿನಲ್ಲಿ ಬಿಗಿದು ತೂಗುಹಾಕಿ, ಅದಕ್ಕೊಂದು ಚಾಲಕವನ್ನೂ ಪಿಕಪ್ಪನ್ನೂ ಅಂಟಿಸಿದ್ದರು. ಹಾಡಿದವರ ದನಿಯನ್ನು ಚಾಲಕಕ್ಕೆ ಕೊಟ್ಟರೆ ಹಾಳೆ ನಡುಗುತ್ತಿತ್ತು. ಆ ನಡುಕವನ್ನು ಪಿಕಪ್ ಹಿಡಿದುಕೊಡುತ್ತಿತ್ತು. ದೊಡ್ಡ ಹಾಲ್ ಕಟ್ಟದೆ ಹಾಲಿನ ಅನುರಣನ ಸಿಕ್ಕಿತು. ಇಡೀ ಸಲಕರಣೆಯ ತೂಕ ಸುಮಾರು 270 ಕಿಲೊ. ಅದಕ್ಕೂ ಹಿಂದೆ ಫ್ರಾನ್ಸಿನ ಮೋರಿಸ್ ಮಾರ್ಟನೊ 1928ರಲ್ಲಿ ಜನರ ಮುಂದಿಟ್ಟ ವಿದ್ಯುತ್ ವಾದ್ಯವಿದೆ. ಮುಂದೆ ಅದಕ್ಕೆ ಸೇರಿದ ಸ್ಪೀಕರುಗಳಲ್ಲಿ ಒಂದರಲ್ಲಿ ಕಾಗದದ ಶಂಕುವಿನ ಬದಲು ಲೋಹದ ಜಾಗಟೆ ನಡುಗುತ್ತಿತ್ತು. ಇನ್ನೊಂದರಲ್ಲಿ ಮರದ ಪೆಟ್ಟಿಗೆಯ ಮೇಲೆ ಬಿಗಿದ ತಂತಿಗಳು ತಾವಾಗಿ ಅನುರಣಿಸುತ್ತಿದ್ದವು. ಸಾರಂಗಿಯ ತರಫ್ ತಂತಿಗಳನ್ನು ಬಲ್ಲ ಊರಿನವಳಾದ ನನಗೆ ಇದನ್ನು ಓದಿದಾಗ ರೋಮಾಂಚನವಾಗಿತ್ತು.

ಅನುರಣನವನ್ನು ಲೆಕ್ಕದಿಂದಲೇ ಹುಟ್ಟಿಸಬಹುದೆಂದು ಬೆಲ್ ಪ್ರಯೋಗಾಲಯದ ಮಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಮಾರುಕಟ್ಟೆಗೆ ಬಂದ ಮೊದಲ ಡಿಜಿಟಲ್ ಅನುರಣನ ಯಂತ್ರ, ಅದೇ ಇಎಂಟಿಯ ‘250’, 1976ರದ್ದು. ಅದೂ ನೆಲದ ಮೇಲೆ ನಿಲ್ಲುವ ಭಾರೀ ಪೆಟ್ಟಿಗೆಯೇ. ಇಂದು ಆ ಲೆಕ್ಕವೆಲ್ಲ ಉಗುರಗಲದ ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ಮುಗಿಯುತ್ತದೆ.

ಹಾಗಾದರೆ ಕಷ್ಟ ಎಲ್ಲಿದೆ? ಕಷ್ಟವಿರುವುದು ಪಿಕಪ್ಪೂ ಚಾಲಕವೂ ಒಂದೇ ಮೈಮೇಲೆ ಕೂತಿರುವುದರಲ್ಲಿ. ನಮ್ಮ ಪ್ರಯೋಗಾಲಯದಲ್ಲಿ ಇದನ್ನು ವಿದ್ಯಾರ್ಥಿಗಳಿಗೆ ಮಾಡಿ ತೋರಿಸುತ್ತೇನೆ. ಒಂದು ತೆಳ್ಳನೆಯ ಪ್ಲೈವುಡ್ ತುಂಡು. ಅದರ ಒಂದು ಮೂಲೆಗೆ ಬಜರಿನಿಂದ ಬಿಚ್ಚಿದ ಹಿತ್ತಾಳೆ ಬಿಲ್ಲೆಯ ಪೀಜೊ. ಇನ್ನೊಂದು ಕಡೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ ಎಕ್ಸೈಟರ್. ಅದು ಶಂಕುವಿಲ್ಲದ ಸ್ಪೀಕರು, ಬರೀ ಸುರುಳಿ ಮತ್ತು ಆಯಸ್ಕಾಂತ. ನಡುವೆ ಒಂದು ಸಣ್ಣ ಆಂಪ್ಲಿಫೈಯರ್ ಬೋರ್ಡು. ಹಲಗೆಯನ್ನು ಬೆರಳಿನಿಂದ ತಟ್ಟಿದರೆ ಟಕ್ ಎಂಬ ಸದ್ದು ಸ್ವಲ್ಪ ಉದ್ದವಾಗಿ ಕೇಳುತ್ತದೆ. ಗುಂಡಿಯನ್ನು ಇನ್ನಷ್ಟು ತಿರುಗಿಸಿದರೆ ಕುಂಯ್ ಎಂಬ ಕೂಗು ಹೊರಟು ಇಡೀ ಕೋಣೆ ತುಂಬುತ್ತದೆ.

“ಮೇಡಂ, ನಾವು ಮುಟ್ಟಿಯೇ ಇಲ್ಲ!” ಎಂದು ಒಬ್ಬ ಹುಡುಗ ಎರಡೂ ಕೈ ಮೇಲೆತ್ತಿ ಹೇಳಿದ್ದ.

ಮುಟ್ಟುವ ಅಗತ್ಯವೇ ಇಲ್ಲ. ಹಲಗೆಗೆ ಇಷ್ಟವಾದ ಒಂದು ಕಂಪನದಲ್ಲಿ, ಪಿಕಪ್ಪಿನಿಂದ ಹೊರಟ ಸಂಕೇತ ಒಂದು ಸುತ್ತು ಮುಗಿಸಿ ಹೊರಟಾಗಿನದಕ್ಕಿಂತ ದೊಡ್ಡದಾಗಿ ಪಿಕಪ್ಪಿಗೆ ಮರಳಿದರೆ ಸಾಕು, ಸುತ್ತು ಸುತ್ತಿದ ಹಾಗೆ ಸದ್ದು ಬೆಳೆಯುತ್ತಲೇ ಹೋಗುತ್ತದೆ. ಪೀಜೊವನ್ನು ಎರಡು ಬೆರಳಗಲ ಪಕ್ಕಕ್ಕೆ ಸರಿಸಿದೆವು. ಕೂಗು ನಿಂತಿತು. ಗುಂಡಿಯನ್ನು ಮತ್ತೆ ತಿರುಗಿಸಿದಾಗ ಬೇರೆಯೇ ಸ್ಥಾಯಿಯಲ್ಲಿ ಶುರುವಾಯಿತು. ಹಲಗೆಯ ಯಾವ ಜಾಗ ಯಾವ ಸ್ವರಕ್ಕೆ ಅಲುಗುತ್ತದೆ, ಯಾವುದಕ್ಕೆ ಅಲುಗುವುದಿಲ್ಲ ಎಂಬುದನ್ನು ಆ ಕೂಗೇ ಹೇಳಿಕೊಡುತ್ತದೆ. ಪುಸ್ತಕದಲ್ಲಿ ಅರ್ಧ ಪುಟದ ಸಮೀಕರಣವಾಗಿ ಕೂತಿರುವ ಮಾತು ಕಿವಿಗೆ ಹೀಗೆ ಸಿಕ್ಕಿದಾಗ ಹುಡುಗರ ಮುಖ ಬದಲಾಗುವುದನ್ನು ನೋಡಬೇಕು. ಅವರು ಆಮೇಲೆ ಗಂಟೆ ಹೊಡೆದರೂ ಎದ್ದಿರಲಿಲ್ಲ.

ಗಿಟಾರಿನಲ್ಲಿ ಪಿಕಪ್ ಮುಂದಿನ ಹಲಗೆಯ ಕಡೆಗಿದೆ, ಚಾಲಕ ಹಿಂದಿನ ಹಲಗೆಯಲ್ಲಿದೆ. ಮಧ್ಯೆ ಪಕ್ಕದ ಗೋಡೆಗಳೂ ಗಾಳಿಯೂ ಇವೆ. ಬೆನ್ನಿನ ನಡುಕ ಸ್ಯಾಡಲ್ ತಲುಪುವಷ್ಟರಲ್ಲಿ ಸಾಕಷ್ಟು ಇಳಿದಿರುತ್ತದೆ. ಮರಳಿಸುವ ಸದ್ದಿನ ಮಟ್ಟವನ್ನೂ ಮಿತಿಯಲ್ಲಿ ಇಡಲೇಬೇಕು. ಅದಕ್ಕಾಗಿಯೇ ಈ ಯಂತ್ರ ಗಿಟಾರಿನ ಸದ್ದನ್ನು ಬಲವಾಗಿ ಹೆಚ್ಚಿಸುವ ಆಸೆಗೆ ಬಿದ್ದಿಲ್ಲ. ನುಡಿದ ಸ್ವರಕ್ಕೆ ಬಾಲ ಜೋಡಿಸುತ್ತದೆ, ಅಷ್ಟೇ. ಈ ಸಂಯಮವನ್ನು ಕೆಲವರು ಕೊರತೆ ಎನ್ನುತ್ತಾರೆ. ನನ್ನ ಕಿವಿಗೆ ಇದೇ ಅದರ ಹೆಚ್ಚುಗಾರಿಕೆ.

ಅನುರಣನದ ಗುಂಡಿಯಲ್ಲಿ ಕೋಣೆ ಮತ್ತು ಸಭಾಂಗಣ ಎಂದು ಎರಡು ಬಗೆಗಳಿವೆ. ಎಷ್ಟೇ ತಿರುಗಿಸಿದರೂ ಪ್ರತಿಧ್ವನಿ ಮಾತ್ರ ಬರುವುದಿಲ್ಲ. ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಅದನ್ನು ಒಮ್ಮೆ ದಾಟಲು ಸೆಕೆಂಡಿನ ಒಂಬತ್ತನೆಯ ಒಂದು ಭಾಗ ಬೇಕು. ನಮ್ಮ ಕಿವಿ ಸುಮಾರು 50 ಮಿಲಿಸೆಕೆಂಡಿನೊಳಗೆ ಬಂದ ಮರುಸದ್ದುಗಳನ್ನು ಮೂಲದೊಂದಿಗೆ ಬೆರೆಸಿ ಒಂದೇ ಎಂದು ಕೇಳಿಸಿಕೊಳ್ಳುತ್ತದೆ. ಗುಮ್ಮಟದಲ್ಲಿ ಆ ಮಿತಿ ದಾಟುವುದರಿಂದ ಚಪ್ಪಾಳೆಗಳು ಒಂದರ ಹಿಂದೊಂದು ಬಿಡಿಬಿಡಿಯಾಗಿ ಮರಳುತ್ತವೆ. ಒಳ್ಳೆಯ ಸಭಾಂಗಣದಲ್ಲಿ ಸಾವಿರಾರು ಸಣ್ಣ ಪ್ರತಿಫಲನಗಳು ಒತ್ತೊತ್ತಾಗಿ ಬಂದು ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಅಂಗೈ ಅಗಲದ ಆಳವಿರುವ ಗಿಟಾರಿನ ಪೆಟ್ಟಿಗೆಯಲ್ಲಿ ಆ ಹೆಣಿಗೆ ಸ್ವಂತವಾಗಿ ಹುಟ್ಟುವುದು ಅಸಾಧ್ಯ. ಕಾಲದ ಅಂತರವನ್ನು ಚಿಪ್ಪು ಒದಗಿಸುತ್ತದೆ, ಬಣ್ಣವನ್ನು ಮರ ಒದಗಿಸುತ್ತದೆ.

ನಮ್ಮ ಅವ್ವ ಚಿಕ್ಕಂದಿನಿಂದ ಹಿಂದೂಸ್ತಾನಿ ಕೇಳಿಕೊಂಡು ಬೆಳೆದವರು. ತಂಬೂರಿ ಶ್ರುತಿ ಸರಿಯಿಲ್ಲದಿದ್ದರೆ ಕಛೇರಿಯಿಂದ ಎದ್ದು ಬಂದುಬಿಡುವಷ್ಟು ಖಡಕ್ಕು. ಅವರ ಮುಂದೆ ಈ ಗಿಟಾರನ್ನು ಮೊದಲು ಯಂತ್ರ ಆರಿಸಿ ನುಡಿಸಿದೆ, ಆಮೇಲೆ ಹಚ್ಚಿ ನುಡಿಸಿದೆ. ಏನನ್ನೂ ವಿವರಿಸಲಿಲ್ಲ. ಸ್ವಲ್ಪ ಹೊತ್ತು ಕೇಳಿ, “ಈಗ ತಂತಿ ಬದಲಿಸಿದೆಯೇನು?” ಎಂದರು. ಇಲ್ಲ ಅವ್ವ, ಒಳಗೊಂದು ಯಂತ್ರವಿದೆ ಎಂದು ಅವರ ಅಂಗೈಯನ್ನು ಗಿಟಾರಿನ ಬೆನ್ನಿಗೆ ಒತ್ತಿದೆ. ತಂತಿಗಳನ್ನೆಲ್ಲ ಒಮ್ಮೆ ಮೀಟಿ ತಟ್ಟನೆ ಅಂಗೈಯಿಂದ ಮುಚ್ಚಿದೆ. ತಂತಿ ನಿಂತಿತು, ಬೆನ್ನು ಇನ್ನೂ ನಡುಗುತ್ತಿತ್ತು. ಅವರು ಕೈ ತೆಗೆಯಲಿಲ್ಲ. “ಶ್ರುತಿಪೆಟ್ಟಿಗೆಯಲ್ಲಿ ಹೀಗೆ ಇರುವುದಿಲ್ಲ” ಎಂದರು.

ಅವ್ವ ಹೇಳಿದ್ದು ಎಲೆಕ್ಟ್ರಾನಿಕ್ ತಂಬೂರಿಯ ಮಾತು. ಬೆಂಗಳೂರಿನ ಕೊಳಲುವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಪೆಟ್ಟಿಗೆ ಇಂದು ಸಂಗೀತ ಕಲಿಯುವ ಮನೆಮನೆಯಲ್ಲೂ ಇದೆ. ಮಾನವೆತ್ತರದ ತಂಬೂರಿಯನ್ನು ಬಸ್ಸಿನಲ್ಲಿ ಸಾಗಿಸಲಾಗದವರಿಗೆ, ಒಬ್ಬರೇ ಕೂತು ಸಾಧನೆ ಮಾಡುವವರಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ. ನಮ್ಮ ಮನೆಯಲ್ಲೂ ದಿನಾ ಬೆಳಿಗ್ಗೆ ಅದೇ ಮೊದಲು ದನಿ ತೆಗೆಯುವುದು. ಆದರೆ ಅಲ್ಲಿ ನಾದ ಬರುವುದು ಸ್ಪೀಕರಿನಿಂದ. ತಂಬೂರಿಯ ಬುರುಡೆಗೆ ಕಿವಿಯಾನಿಸಿ ಕೂತವರಿಗೆ ಸಿಗುವ ನಡುಕ ಆ ಪೆಟ್ಟಿಗೆಯಲ್ಲಿ ಸಿಗದು. ಅವ್ವನ ಕೈ ಗುರುತಿಸಿದ್ದು ಆ ವ್ಯತ್ಯಾಸವನ್ನು. ಗಿಟಾರು ಎದೆಗೂ ಹೊಟ್ಟೆಗೂ ಆನಿಸಿಕೊಂಡು ನುಡಿಸುವ ವಾದ್ಯ. ಅನುರಣನ ಕಿವಿಯಿಂದ ಮಾತ್ರವಲ್ಲ, ಪಕ್ಕೆಲುಬಿನಿಂದಲೂ ಕೇಳುತ್ತದೆ. ಕಾಲಬುಡದಲ್ಲಿಟ್ಟ ಪೆಡಲಿನಿಂದ ದೂರದ ಸ್ಪೀಕರಿಗೆ ಹೋಗುವ ಅನುರಣನಕ್ಕೆ ಈ ಗುಣ ಬರಲಾರದು.

ಆನಿಸಿಕೊಳ್ಳುವುದರಿಂದ ಇನ್ನೊಂದು ಪರಿಣಾಮವೂ ಇದೆ. ಬೆನ್ನನ್ನು ಹೊಟ್ಟೆಗೆ ಬಿಗಿಯಾಗಿ ಒತ್ತಿಕೊಂಡರೆ ಹಲಗೆಯ ನಡುಕ ಅಡಗಿ ಅನುರಣನ ಕುಗ್ಗುತ್ತದೆ. ಚಳಿಗಾಲದಲ್ಲಿ ದಪ್ಪ ಸ್ವೆಟರ್ ತೊಟ್ಟು ನುಡಿಸಿದಾಗ ನನಗೆ ಇದು ಎದ್ದು ಕಾಣುತ್ತದೆ. ವಾದ್ಯವನ್ನು ಸ್ವಲ್ಪ ಓರೆಯಾಗಿಸಿ, ಕೆಳ ಅಂಚು ಮಾತ್ರ ಮೈಗೆ ತಾಗುವಂತೆ ಹಿಡಿದರೆ ಬೆನ್ನು ಬಿಡುಗಡೆಯಾಗಿ ನಾದ ಅರಳುತ್ತದೆ. ಸಾಲಿನ ಕೊನೆಯಲ್ಲಿ ಬೇಕೆಂದೇ ಹೀಗೆ ಓರೆ ಮಾಡಿ ಬಾಲವನ್ನು ಉದ್ದ ಮಾಡುವುದು, ಮುಂದಿನ ಸಾಲು ಶುರುವಾಗುವ ಮುನ್ನ ಒತ್ತಿಕೊಂಡು ಮೊಟಕು ಮಾಡುವುದು ನನಗೆ ಈಗ ಅಭ್ಯಾಸವಾಗಿದೆ. ಯಾವ ಗುಂಡಿಯೂ ಕೊಡದ ಹಿಡಿತ ಇದು. ಮರ ನಡುವೆ ಇರುವುದರಿಂದಲೇ ಸಾಧ್ಯವಾಯಿತು.

ಭಾವಗೀತೆಗೆ ಈ ವಾದ್ಯ ಹೇಳಿ ಮಾಡಿಸಿದ್ದು. ಮನೆಯ ನಡುಕೋಣೆಯಲ್ಲಿ ಹಾಡುವವರು ಮೈಕಿಲ್ಲದೆ ಹಾಡುತ್ತಾರೆ. ಆಗ ಗಿಟಾರೂ ಮೈಕಿಲ್ಲದೆಯೇ ಇರಬೇಕು, ಇಲ್ಲವಾದರೆ ದನಿ ಒಂದು ಕಡೆಯಿಂದ, ವಾದ್ಯ ಇನ್ನೊಂದು ಕಡೆಯಿಂದ ಬಂದು ಹಾಡು ಹರಿದುಹೋಗುತ್ತದೆ. ಬೆರಳಿನಿಂದ ಬಿಡಿಬಿಡಿಯಾಗಿ ಮೀಟುವ ವಿಲಂಬದ ಹಾಡಿಗೆ ಸಭಾಂಗಣದ ಅನುರಣನ ಸ್ವಲ್ಪ ಹಾಕುತ್ತೇನೆ. ಜನಪದ ಧಾಟಿಯ, ಲಯ ಬಿಗಿಯಾಗಿರುವ ಹಾಡಿಗೆ ಅದನ್ನು ಪೂರ್ತಿ ಆರಿಸಿಬಿಡುತ್ತೇನೆ. ಬಾಲವಿದ್ದರೆ ಪೆಟ್ಟಿನ ಅಂಚು ಮಸುಕಾಗುತ್ತದೆ. ಕೋರಸ್ ಗುಂಡಿಯನ್ನು ನಾನು ಮುಟ್ಟುವುದೇ ಅಪರೂಪ. ಮೂಲ ಸ್ವರದ ಪ್ರತಿಯೊಂದನ್ನು ಮಾಡಿ, ಅದರ ಶ್ರುತಿಯನ್ನು ಕೂದಲೆಳೆಯಷ್ಟು ಆಚೀಚೆ ತೂಗಿಸಿ, ಮೂಲದೊಂದಿಗೆ ಬೆರೆಸುವುದು ಕೋರಸ್‌ನ ಕೆಲಸ. ಪಾಶ್ಚಾತ್ಯ ಹಾಡುಗಳಿಗೆ ಅದು ಮೆರುಗು ಕೊಡಬಹುದು. ಷಡ್ಜ ಅಲುಗದೆ ನಿಂತಿರಬೇಕಾದ ನಮ್ಮ ಹಾಡುಗಾರಿಕೆಯಲ್ಲಿ ಆ ತೂಗಾಟ ಹಾಡುವವರನ್ನೇ ತಬ್ಬಿಬ್ಬು ಮಾಡುತ್ತದೆ.

ವೇದಿಕೆಯ ಮೇಲೆ ಹೊರಗಿನ ಆಂಪ್ಲಿಫೈಯರಿಗೆ ಸಿಕ್ಕಿಸಿದಾಗ ಇದರ ಮಾಯೆ ಬಹುಪಾಲು ಕರಗುತ್ತದೆ. ಅಲ್ಲಿ ಇದು ಪೀಜೊ ಇರುವ ಹಲವು ಒಳ್ಳೆಯ ಗಿಟಾರುಗಳಲ್ಲಿ ಒಂದು. ದೊಡ್ಡ ಸಭೆಗೆ ನುಡಿಸುವವರು ಈ ಯಂತ್ರಕ್ಕೆಂದು ಹಣ ಕೊಡಬೇಕಾಗಿಲ್ಲ. ಹತ್ತು ಹದಿನೈದು ಜನ ಕೂರುವ ಕೋಣೆಯೇ ಇದರ ಊರು.

ಬ್ಯಾಟರಿಯ ವಿಚಾರ ಹೇಳಲೇಬೇಕು. ಗಿಟಾರಿನ ಪ್ರಿಆಂಪುಗಳು ಸಾಮಾನ್ಯವಾಗಿ 9 ವೋಲ್ಟಿನ ಚೌಕ ಬ್ಯಾಟರಿ ಕೇಳುತ್ತವೆ. ಅದನ್ನು ಹುಡುಕಿಕೊಂಡು ಊರೆಲ್ಲ ಅಲೆಯಬೇಕು. ಇದಕ್ಕೆ ಗೋಡೆ ಗಡಿಯಾರಕ್ಕೆ ಹಾಕುವ ಎರಡು ಪೆನ್ಸಿಲ್ ಸೆಲ್ ಸಾಕು. ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ಹಲಗೆಯನ್ನು ಅಲುಗಿಸುವ ಕೆಲಸಕ್ಕೆ ಶಕ್ತಿ ಬೇಕು. ಎರಡು ಅಲ್ಕಲೈನ್ ಪೆನ್ಸಿಲ್ ಸೆಲ್ಲುಗಳಲ್ಲಿ ಒಂದು 9 ವೋಲ್ಟ್ ಬ್ಯಾಟರಿಗಿಂತ ಹೆಚ್ಚು ಶಕ್ತಿ ಅಡಗಿರುತ್ತದೆ. ಆಯ್ಕೆಯ ಹಿಂದಿನ ಈ ಲೆಕ್ಕ ಮೆಚ್ಚುವಂಥದ್ದು. ಆದರೆ ಅಲ್ಕಲೈನ್ ಸೆಲ್ಲುಗಳು ಖಾಲಿಯಾದ ಮೇಲೆ ಸೋರುತ್ತವೆ. ಪರಿಚಯದವರೊಬ್ಬರ ಗಿಟಾರು ಮಳೆಗಾಲವಿಡೀ ಚೀಲದಲ್ಲಿ ಮಲಗಿತ್ತು. ತೆಗೆದಾಗ ಯಂತ್ರ ಸತ್ತಿತ್ತು. ಅವರು ತೋರಿಸಿದ ಒಂದು ಅಂಗಡಿಯಲ್ಲಿ ಇಡೀ ಪ್ರಿಆಂಪನ್ನೇ ಬದಲಿಸಬೇಕು ಎಂದು ದೊಡ್ಡ ಮೊತ್ತವನ್ನು ಹೇಳಿ ಕಳುಹಿಸಿದ್ದರು. ನನ್ನ ಬಳಿ ಬಂದಾಗ ಬ್ಯಾಟರಿಯ ಮನೆ ತೆಗೆದು ನೋಡಿದೆ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಸೋರಿದ್ದು ಕ್ಷಾರ. ನಿಂಬೆರಸದಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ತಿಕ್ಕಿದರೆ ನೊರೆಯೆದ್ದು ಬಿಟ್ಟಿತು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿಸಿ, ಹೊಸ ಸೆಲ್ ಹಾಕಿದೆ. ನುಡಿಯಿತು. ಅಂಗಡಿಯವರು ಬ್ಯಾಟರಿಯ ಮುಚ್ಚಳವನ್ನು ತೆಗೆದೂ ನೋಡಿರಲಿಲ್ಲ ಎಂಬುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ನುಡಿಸದೆ ಇಡುವ ದಿನಗಳಲ್ಲಿ ಸೆಲ್ ತೆಗೆದಿಡಿ.

ಈಗ ಪೇಟೆಯಲ್ಲಿ ಇದರ ಸೋದರರು ಹಲವರಿದ್ದಾರೆ. ಗಿಟಾರಿನ ಬೆನ್ನಿಗೆ ಹೊರಗಡೆಯಿಂದ ಆಯಸ್ಕಾಂತದ ಮೂಲಕ ಅಂಟಿಸುವ ಟೋನ್‌ವುಡ್‌ಆಂಪ್ ಇದೆ. ಪಿಕಪ್ ಇರುವ ಬಹುಪಾಲು ಅಕೌಸ್ಟಿಕ್ ಗಿಟಾರುಗಳಿಗೆ ಹೊಂದುತ್ತದೆ, ಬೇಡವಾದಾಗ ಕಿತ್ತಿಡಬಹುದು. ಬೆನ್ನಿನ ಮೇಲೆ ಪೆಟ್ಟಿಗೆ ಹೊತ್ತು ಕೂರುವುದು ಮಾತ್ರ ಕಷ್ಟ. ಕಾರ್ಬನ್ ನಾರಿನಿಂದ ಅಚ್ಚು ಹೊಯ್ದ ಲಾವಾ ಮಿ ಗಿಟಾರುಗಳಿವೆ. ಅವುಗಳ ಮೂರನೆಯ ಅವತಾರದಲ್ಲಿ ಪಕ್ಕದ ಗೋಡೆಯಲ್ಲೇ ಮೂರೂವರೆ ಇಂಚಿನ ಟಚ್‌ಸ್ಕ್ರೀನ್ ಕೂತಿದೆ. ಯಮಾಹಾ ಕೂಡ 2024ರಲ್ಲಿ ಟಿಎಜಿ3 ಸಿ ಎಂಬ ಹೊಸ ಗಿಟಾರಿನಲ್ಲಿ ಬ್ಲೂಟೂತ್, ನುಡಿಸಿದ್ದನ್ನು ಮತ್ತೆ ಮತ್ತೆ ತಿರುಗಿಸುವ ಲೂಪರ್, ಚಾರ್ಜ್ ಮಾಡುವ ಬ್ಯಾಟರಿ ಎಲ್ಲವನ್ನೂ ತುಂಬಿತು. ಒಬ್ಬರೇ ಕೂತು ಅಭ್ಯಾಸ ಮಾಡುವ ಮಕ್ಕಳಿಗೆ ಲೂಪರ್ ನಿಜಕ್ಕೂ ಒಳ್ಳೆಯ ಸಂಗಾತಿ. ಅದನ್ನು ಹಳಿಯಲಾರೆ.

ಆದರೂ ನನ್ನ ಒಲವು ಮೂರು ಗುಂಡಿಗಳ ಕಡೆಗೇ. ಗಿಟಾರಿಗೆ ಐವತ್ತು ವರ್ಷ ಬಾಳುವ ಶಕ್ತಿಯಿದೆ. ಸ್ಪ್ರೂಸ್ ಹಲಗೆ ನುಡಿಸಿದಷ್ಟೂ ಹದಗೊಳ್ಳುತ್ತದೆ ಎಂದು ನುಡಿಸುವವರು ನಂಬುತ್ತಾರೆ. ಟಚ್‌ಸ್ಕ್ರೀನಿಗೆ ಆ ಆಯುಸ್ಸಿಲ್ಲ. ಮೊಬೈಲ್ ತಂತ್ರಾಂಶ ಬದಲಾದರೆ ಆ್ಯಪ್ ನಿಲ್ಲುತ್ತದೆ, ಒಳಗೆ ಬೆಸೆದ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಮೂರು ಗುಂಡಿ, ಒಂದು ಪೀಜೊ, ಒಂದು ಆ್ಯಕ್ಚುಯೇಟರ್, ಎರಡು ಸೆಲ್ಲು ಇರುವ ಯಂತ್ರವನ್ನು ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಮಲ್ಟಿಮೀಟರ್ ಹಿಡಿದು ಎಲ್ಲಿ ಕೆಟ್ಟಿದೆ ಎಂದು ಹುಡುಕಬಲ್ಲರು. ಚಿಪ್ಪು ಸುಟ್ಟರೆ ಬೇರೆ ಮಾತು. ಆಗಲೂ ಪೀಜೊ ಮತ್ತು ಆ್ಯಕ್ಚುಯೇಟರನ್ನು ಉಳಿಸಿಕೊಂಡು ನಡುವೆ ಇನ್ನೊಂದು ಬೋರ್ಡು ಕೂರಿಸಬಹುದು. ಅದಕ್ಕೆಂದೇ ಒಳಗಿನ ವೈರುಗಳ ಬಣ್ಣ, ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ನಕ್ಷೆಯನ್ನು ಹಾಳೆಯ ಮೇಲೆ ಬರೆದು ಗಿಟಾರಿನ ಚೀಲದಲ್ಲಿ ಇಟ್ಟಿದ್ದೇನೆ. ಇಂಥ ನಕ್ಷೆಯನ್ನು ಕಂಪನಿಗಳೇ ವಾದ್ಯದ ಜೊತೆ ಕೊಡಬೇಕು. ಹಿಂದೆ ರೇಡಿಯೊ ಕೊಂಡರೆ ಮುಚ್ಚಳದ ಒಳಗಡೆ ಸರ್ಕಿಟ್ ಅಂಟಿಸಿರುತ್ತಿದ್ದರು.

ಕೊಳ್ಳುವ ಮನಸ್ಸಿದ್ದವರು ಅಂಗಡಿಯಲ್ಲಿ ಮೊದಲು ಯಂತ್ರ ಆರಿಸಿಯೇ ನುಡಿಸಿ ನೋಡಿ. ಹಚ್ಚಿ ಕೊಟ್ಟರೆ ಆರಿಸಲು ಹೇಳಿ. ಬರೀ ಮರವಾಗಿ ನಿಮಗೆ ಇಷ್ಟವಾದರೆ ಮಾತ್ರ ಮುಂದಿನ ಹೆಜ್ಜೆ. ಆಮೇಲೆ ಯಂತ್ರ ಹಚ್ಚಿ, ಅನುರಣನವನ್ನು ಪೂರ್ತಿ ತಿರುಗಿಸಿ, ದಪ್ಪ ತಂತಿಯಿಂದ ಶುರುಮಾಡಿ ಪ್ರತಿಯೊಂದು ಫ್ರೆಟ್ಟಿನ (ಕತ್ತಿನ ಮೇಲಿನ ಅಡ್ಡಪಟ್ಟಿಯ) ಸ್ವರವನ್ನೂ ಒಂದೊಂದಾಗಿ ಮೀಟಿ ಪೂರ್ತಿ ಆರುವವರೆಗೆ ಕೇಳಿ. ಯಾವುದಾದರೂ ಒಂದು ಸ್ವರ ಉಳಿದವಕ್ಕಿಂತ ಹೆಚ್ಚು ಹೊತ್ತು ಗುಂಯ್ಗುಟ್ಟಿದರೆ, ಕಟಕಟ ಎಂದರೆ, ಆ ಗಿಟಾರನ್ನು ಬಿಟ್ಟು ಇನ್ನೊಂದನ್ನು ಕೇಳಿ ತರಿಸಿ. ಬೆನ್ನಿಗೆ ಅಂಗೈಯಿಟ್ಟು ನೋಡುವುದನ್ನೂ ಮರೆಯಬೇಡಿ.